ಹೆವಿ ಲೈಸೆನ್ಸು, ಹೊರದೇಶದ ರಸ್ತೆ

ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ಸಮೀಪ, ಎ5 ಹೆದ್ದಾರಿಯ ಪಕ್ಕದಲ್ಲಿ ಗ್ರೇಫೆನ್‌ಹೌಸನ್ ಎಂಬ ತಂಗುದಾಣವಿದೆ. ಡೀಸೆಲ್ ಬಂಕು, ಶೌಚಾಲಯ, ಒಂದಿಷ್ಟು ತಿಂಡಿ, ಲಾರಿ ನಿಲ್ಲಿಸಲು ಉದ್ದನೆಯ ಅಂಗಳ, ಅಷ್ಟೇ ಅದರ ವೈಭವ. 2023ರ ಮಾರ್ಚ್ ತಿಂಗಳಲ್ಲಿ ಪೋಲೆಂಡಿನ ಒಂದು ಸಾರಿಗೆ ಸಂಸ್ಥೆಯ ಲಾರಿಗಳು ಒಂದರ ಹಿಂದೆ ಒಂದು ಅಲ್ಲಿಗೆ ಬಂದು ನಿಂತವು. ಮುಂದಕ್ಕೆ ಹೋಗಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದವರು ಹೆಚ್ಚಾಗಿ ಜಾರ್ಜಿಯಾ ಮತ್ತು ಉಜ್ಬೇಕಿಸ್ತಾನದವರು. ತಿಂಗಳುಗಟ್ಟಲೆ ಸಂಬಳ ಬಂದಿಲ್ಲ, ಬರುವ ತನಕ ಗಾಡಿ ಕದಲಿಸುವುದಿಲ್ಲ ಎಂದು ಅರವತ್ತಕ್ಕೂ ಹೆಚ್ಚು ಡ್ರೈವರ್‌ಗಳು ಅಲ್ಲೇ ಬೀಡುಬಿಟ್ಟರು.

ಆ ವರ್ಷದ ಗುಡ್ ಫ್ರೈಡೆ ದಿನ ಮಾಲೀಕ ತಾನೇ ಬಂದ. ಜೊತೆಗೆ ಗುಂಡು ನಿರೋಧಕ ಜಾಕೀಟು ತೊಟ್ಟ ಖಾಸಗಿ ಕಾವಲುಗಾರರ ಪಡೆ, ಕವಚದ ವಾಹನ. ಲಾರಿಗಳನ್ನು ಬಲವಂತವಾಗಿ ಎತ್ತಿಕೊಂಡು ಹೋಗುವ ಲೆಕ್ಕಾಚಾರ. ಜರ್ಮನ್ ಪೊಲೀಸರು ಕಾವಲುಗಾರರನ್ನೂ ಮಾಲೀಕನನ್ನೂ ಹಿಡಿದುಕೊಂಡು ಹೋದರು. ಏಪ್ರಿಲ್ ಕೊನೆಗೆ ಸುಮಾರು 3 ಲಕ್ಷ ಯೂರೋ ಬಾಕಿ ಡ್ರೈವರ್‌ಗಳ ಕೈಸೇರಿತು. ಆದರೆ ಜುಲೈನಲ್ಲಿ ಅದೇ ಗುಂಪಿನ ಕಂಪನಿಗಳ ಇನ್ನಷ್ಟು ಲಾರಿಗಳು ಅದೇ ಅಂಗಳಕ್ಕೆ ಬಂದವು. ಈ ಸಲ ನೂರಕ್ಕೂ ಹೆಚ್ಚು ಮಂದಿ. ಕೆಲವರು ಉಪವಾಸವನ್ನೂ ಕೂತರು. ವಿಷಯ ಮುಗಿದದ್ದು ಸೆಪ್ಟೆಂಬರ್ ಕೊನೆಗೆ.

ಹೊರದೇಶದಲ್ಲಿ ಲಾರಿ ಓಡಿಸುವ ಕೆಲಸ ಹುಡುಕುವವರು ಮೊದಲು ತಿಳಿದುಕೊಳ್ಳಬೇಕಾದ್ದು ಈ ಕಥೆಯನ್ನು. ಡ್ರೈವರ್ ಒಂದು ದೇಶದವನು, ಕಂಪನಿ ಮತ್ತೊಂದು ದೇಶದ್ದು, ಗಾಡಿ ಓಡುವುದು ಮೂರನೆಯ ದೇಶದಲ್ಲಿ. ಸಂಬಳ ನಿಂತರೆ ಯಾವ ದೇಶದ ಯಾವ ಕಚೇರಿಯ ಬಾಗಿಲು ತಟ್ಟಬೇಕು? ಗ್ರೇಫೆನ್‌ಹೌಸನ್ನಿನ ಡ್ರೈವರ್‌ಗಳು ಬಾಗಿಲು ತಟ್ಟುವ ಬದಲು ಬೀಗದ ಕೈಯನ್ನೇ ಜೇಬಿಗೆ ಹಾಕಿಕೊಂಡರು. ಅದು ಎಲ್ಲರಿಗೂ, ಎಲ್ಲ ದೇಶಗಳಲ್ಲೂ ಆಗುವ ಮಾತಲ್ಲ.

ಹಾಗಿದ್ದೂ ಕೆಲಸ ಇರುವುದು ಸುಳ್ಳಲ್ಲ. ರಸ್ತೆ ಸಾರಿಗೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಆರ್‌ಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದು ಅಧ್ಯಯನ ಮಾಡಿದ 36 ದೇಶಗಳಲ್ಲಿ 30 ಲಕ್ಷಕ್ಕೂ ಮೀರಿದ ಲಾರಿ ಡ್ರೈವರ್ ಹುದ್ದೆಗಳು ಖಾಲಿ ಬಿದ್ದಿದ್ದವು. ಯುರೋಪಿನ ಡ್ರೈವರ್‌ಗಳ ಸರಾಸರಿ ವಯಸ್ಸು 47ರ ಆಸುಪಾಸು. ಮೂವರಲ್ಲಿ ಒಬ್ಬರು 55 ದಾಟಿದವರು. ಇಪ್ಪತ್ತೈದರ ಒಳಗಿನವರು ನೂರಕ್ಕೆ ಐದು ಮಂದಿ ಸಿಕ್ಕರೆ ಹೆಚ್ಚು. ವಾರಗಟ್ಟಲೆ ಮನೆ ಬಿಟ್ಟು ಕ್ಯಾಬಿನ್ನಿನಲ್ಲಿ ಮಲಗುವ ಕೆಲಸ ಅಲ್ಲಿನ ಹುಡುಗರಿಗೆ ಬೇಡವಾಗಿದೆ. ಪೋಲೆಂಡ್, ಲಿಥುವೇನಿಯಾದ ಕಂಪನಿಗಳು ಆ ಕೊರತೆಯನ್ನು ಉಕ್ರೇನ್, ಬೆಲಾರೂಸ್ ಡ್ರೈವರ್‌ಗಳಿಂದ ತುಂಬಿಕೊಳ್ಳುತ್ತಿದ್ದವು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಗಿ, ಉಕ್ರೇನ್ ತನ್ನ 18ರಿಂದ 60 ವಯಸ್ಸಿನ ಗಂಡಸರು ದೇಶ ಬಿಡಬಾರದು ಎಂದಿತು. ಹೊಸ ಡ್ರೈವರ್‌ಗಳು ಬರುವ ದಾರಿ ಮುಚ್ಚಿತು, ಇದ್ದವರಲ್ಲೂ ಅನೇಕರು ಯುದ್ಧಕ್ಕೆಂದು ಊರಿಗೆ ಮರಳಿದರು. ಆಗ ಯುರೋಪಿನ ಸಾರಿಗೆ ಕಂಪನಿಗಳ ಕಣ್ಣು ಮಧ್ಯ ಏಷ್ಯಾ ದಾಟಿ ಭಾರತದ ಕಡೆಗೂ ಹೊರಳಿತು. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ಟ್ರಾನ್ಸ್‌ಪೋರ್ಟ್ ಆಫೀಸುಗಳ ಮುಂದೆ ಲೋಡಿಗಾಗಿ ಕಾಯುವವರ ಮೊಬೈಲಿಗೂ 'ಯುರೋಪಿಗೆ ಹೆವಿ ಡ್ರೈವರ್ ಬೇಕಾಗಿದ್ದಾರೆ' ಎಂಬ ಸಂದೇಶ ಬರತೊಡಗಿದ್ದಕ್ಕೆ ಹಿನ್ನೆಲೆ ಇದು.

ಆ ಸಂದೇಶದಲ್ಲಿ ಸಂಬಳ ದಪ್ಪಕ್ಷರದಲ್ಲಿರುತ್ತದೆ. ಲೈಸೆನ್ಸಿನ ಮಾತು ಇರುವುದಿಲ್ಲ.

ನಮ್ಮಲ್ಲಿ ಲಾರಿ ಡ್ರೈವರ್ ತಯಾರಾಗುವ ಬಗೆ ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗ ಕ್ಲೀನರ್ ಆಗಿ ಗಾಡಿ ಹತ್ತುತ್ತಾನೆ. ಟೈರು ಬಡಿದು ಗಾಳಿ ನೋಡುತ್ತಾನೆ, ಟಾರ್ಪಾಲು ಕಟ್ಟುತ್ತಾನೆ, ರಿವರ್ಸಿಗೆ ಕೈ ತೋರಿಸುತ್ತಾನೆ. ನಡುರಾತ್ರಿ ಖಾಲಿ ರಸ್ತೆಯಲ್ಲಿ ಉಸ್ತಾದ್ ಸ್ಟಿಯರಿಂಗ್ ಬಿಟ್ಟುಕೊಡುತ್ತಾನೆ. ಕೆಲವು ವರ್ಷದಲ್ಲಿ ಹೆವಿ ಲೈಸೆನ್ಸು ಬರುತ್ತದೆ. ಎಂಟನೆಯ ತರಗತಿ ಓದಿರಲೇಬೇಕೆಂಬ ನಿಯಮವನ್ನೂ ಕೇಂದ್ರ ಸರ್ಕಾರ 2019ರಲ್ಲಿ ಕೈಬಿಟ್ಟಿತು. ಹೀಗೆ ಕಲಿತವನು ಮಳೆಗಾಲದ ಶಿರಾಡಿ ಘಾಟಿನಲ್ಲಿ ಹದಿನಾಲ್ಕು ಚಕ್ರದ ಗಾಡಿ ಇಳಿಸಬಲ್ಲ. ಆದರೆ ಯುರೋಪಿನ ಗಡಿಯಲ್ಲಿ ಆ ಅನುಭವಕ್ಕೆ ಕಾಗದದ ಬೆಲೆಯಿಲ್ಲ. ಹೆಚ್ಚಿನ ದೇಶಗಳು ಭಾರತದ ಹೆವಿ ಲೈಸೆನ್ಸನ್ನು ಸುಮ್ಮನೆ ಬದಲಿಸಿ ಕೊಡುವುದಿಲ್ಲ. ಜರ್ಮನಿಯಲ್ಲಿ ವಾಸ ಶುರುಮಾಡಿದ ಆರು ತಿಂಗಳವರೆಗೆ ಮಾತ್ರ ಊರಿನ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಬರವಣಿಗೆ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಇಪ್ಪತ್ತು ವರ್ಷ ಲೈನಿನಲ್ಲಿ ದುಡಿದವನು ಮತ್ತೆ ಕಲಿಯುವವನ ಸೀಟಿನಲ್ಲಿ ಕೂರಬೇಕು.

ಈ ಮರುಕಲಿಕೆಗೆ ತಿಂಗಳುಗಳು ಹಿಡಿಯುತ್ತವೆ, ಹಣವೂ ಬೇಕು. ಆ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಒಂದೇ ಪ್ರಶ್ನೆ ಒಳ್ಳೆಯ ಕೆಲಸವನ್ನೂ ಕೆಟ್ಟ ಕೆಲಸವನ್ನೂ ಬೇರೆ ಮಾಡುತ್ತದೆ. ಸಂಬಳದ ಅಂಕಿಗಿಂತ ಮೊದಲು ಕೇಳಬೇಕಾದ್ದು ಇದನ್ನು.

ಇಲ್ಲಿ ಏಜೆಂಟರ ಒಂದು ಹಳೆಯ ಸರಕಿನ ಬಗ್ಗೆ ಹೇಳಿಬಿಡಬೇಕು: 'ಇಂಟರ್‌ನ್ಯಾಷನಲ್ ಲೈಸೆನ್ಸ್'. ಇದು ನಮ್ಮದೇ ಆರ್‌ಟಿಒ ಕಚೇರಿಯಲ್ಲಿ ಸಿಗುವ ಪರವಾನಗಿ, 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವಂಥದ್ದು, ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ರಜೆಗೆ ಹೋದವರು ಬಾಡಿಗೆ ಕಾರು ಓಡಿಸಲು ಇಟ್ಟುಕೊಳ್ಳುವ ಕಾಗದ. ಇದನ್ನು ಕೈಗಿಟ್ಟು 'ಎಲ್ಲ ಪಕ್ಕಾ ಆಯಿತು' ಎನ್ನುವವರಿದ್ದಾರೆ. ಇದರಿಂದ ಲಾರಿ ಡ್ರೈವರ್ ಕೆಲಸ ಸಿಗುವುದಿಲ್ಲ.

ಯುರೋಪಿನ ಒಕ್ಕೂಟದಲ್ಲಿ ಲೈಸೆನ್ಸಿನ ಮೇಲೆ ಮತ್ತೊಂದು ಅರ್ಹತೆ ಬೇಕು. ಲೈಸೆನ್ಸ್ ಕಾರ್ಡಿನ ಮೇಲೆ 95 ಎಂಬ ಅಂಕಿ ಅಚ್ಚಾಗಿ ಬರುವುದರಿಂದ ಡ್ರೈವರ್‌ಗಳ ಬಾಯಲ್ಲಿ ಅದು 'ಕೋಡ್ 95'. ಒಕ್ಕೂಟ 2003ರಲ್ಲಿ ಮಾಡಿದ ನಿಯಮ ಇದು. ಪೂರ್ತಿ ತರಬೇತಿ 280 ಗಂಟೆ, ಚುರುಕು ತರಬೇತಿ 140 ಗಂಟೆ, ಆಮೇಲೆ ಐದು ವರ್ಷಕ್ಕೊಮ್ಮೆ 35 ಗಂಟೆಯ ಮರುಪಾಠ. ಪಠ್ಯ ಕುತೂಹಲ ಹುಟ್ಟಿಸುವಂತಿದೆ. ಡೀಸೆಲ್ ಉಳಿಸಿ ಓಡಿಸುವುದು, ಬ್ರೇಕಿನ ತಂತ್ರ, ಲೋಡನ್ನು ಪಟ್ಟಿಯಿಂದ ಬಿಗಿಯುವಾಗ ಎಷ್ಟು ಭಾರಕ್ಕೆ ಎಷ್ಟು ಪಟ್ಟಿ ಎಂಬ ಲೆಕ್ಕ, ದುಡಿಮೆಯ ಗಂಟೆಗಳ ಕಾನೂನು, ಬೆನ್ನುನೋವು ಬರದಂತೆ ಕೂರುವುದು, ಕೊನೆಗೆ ಗಡಿ ದಾಟಲು ಟ್ರೈಲರ್ ಒಳಗೆ ಯಾರೂ ಅವಿತುಕೊಳ್ಳದಂತೆ ನೋಡಿಕೊಳ್ಳುವುದು ಕೂಡ ಅದರಲ್ಲಿದೆ. ಹಗ್ಗ ಕಟ್ಟುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆದರೆ ಅಲ್ಲಿ ಪೊಲೀಸಿನವನು ಕೇಳುವುದು ಗಂಟನ್ನಲ್ಲ, ಪಟ್ಟಿಯ ಮೇಲೆ ಬರೆದ ತಾಳಿಕೆಯ ಅಂಕಿಯನ್ನು.

ಇನ್ನೂ ಒಂದು ಕಾಗದವಿದೆ, ಇದರ ಬಗ್ಗೆ ಹೋಗುವವರಿಗೆ ಯಾರೂ ಹೇಳುವುದಿಲ್ಲ. ಒಕ್ಕೂಟದ ಹೊರಗಿನ ಡ್ರೈವರ್ ಗಡಿ ದಾಟಿ ಸರಕು ಸಾಗಿಸಬೇಕಾದರೆ ಗಾಡಿಯಲ್ಲಿ 'ಡ್ರೈವರ್ ಅಟೆಸ್ಟೇಷನ್' ಎಂಬ ದೃಢೀಕರಣ ಇರಬೇಕು. ಈತ ಕಾನೂನುಬದ್ಧವಾಗಿ ಕೆಲಸಕ್ಕಿದ್ದಾನೆ ಎಂದು ಸರ್ಕಾರ ಕೊಡುವ ಪತ್ರ ಅದು. ಆದರೆ ಕೊಡುವುದು ಡ್ರೈವರ್‌ಗಲ್ಲ, ಕಂಪನಿಗೆ. ಕೆಲಸ ಬಿಟ್ಟ ದಿನ ಆ ಕಾಗದ ಕಂಪನಿಯ ಬೀರುವಿಗೆ ವಾಪಸ್ಸು. ಹೊಸ ಕಂಪನಿ ಹೊಸದಾಗಿ ಮಾಡಿಸಬೇಕು. ಊರಿನಲ್ಲಿ ಓನರ್ ಜೊತೆ ಬೆಳಿಗ್ಗೆ ಜಗಳವಾಡಿ ಸಂಜೆಗೆ ಬೇರೆ ಗಾಡಿ ಹತ್ತುವ ಸ್ವಾತಂತ್ರ್ಯವಿರುವವನಿಗೆ ಇದು ಮೊದಲ ಆಘಾತ.

ಎರಡನೆಯದು ಟ್ಯಾಕೋಗ್ರಾಫ್. ಡ್ಯಾಶ್‌ಬೋರ್ಡಿನೊಳಗೆ ಕೂತ ಈ ಪೆಟ್ಟಿಗೆಗೆ ಡ್ರೈವರ್ ತನ್ನ ಹೆಸರಿನ ಕಾರ್ಡು ತೂರಿಸಿದ ಮೇಲೆಯೇ ಗಾಡಿ ತೆಗೆಯಬೇಕು. ಎಷ್ಟು ಹೊತ್ತು ಓಡಿಸಿದ, ಎಷ್ಟು ವೇಗ, ಎಷ್ಟು ಹೊತ್ತು ನಿಂತ, ಎಲ್ಲ ದಾಖಲಾಗುತ್ತದೆ. 2023ರ ಆಗಸ್ಟ್‌ನಿಂದ ಹೊಸ ಗಾಡಿಗಳಲ್ಲಿ ಬಂದ ಮಾದರಿ ಯಾವ ಗಡಿ ಯಾವಾಗ ದಾಟಿದ ಎಂಬುದನ್ನೂ ತಾನೇ ಬರೆದುಕೊಳ್ಳುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ವಾರಕ್ಕೆ 56, ಎರಡು ವಾರ ಕೂಡಿಸಿದರೆ 90 ಗಂಟೆ ದಾಟುವಂತಿಲ್ಲ. ಅನ್‌ಲೋಡ್ ಮಾಡುವ ಗೋಡೌನು ಎರಡೇ ಕಿಲೋಮೀಟರ್ ಇದ್ದರೂ ಗಂಟೆ ಮುಗಿದರೆ ಮುಗಿಯಿತು. ಬೆಂಗಳೂರಿನಿಂದ ದಿಲ್ಲಿಗೆ ಟೀ ಕುಡಿಯುತ್ತಲೇ ಓಡಿಸಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಅದನ್ನು ಅಳೆಯುವ ಪೆಟ್ಟಿಗೆ ಮಾತ್ರ ನಮ್ಮ ಲಾರಿಯಲ್ಲಿರಲಿಲ್ಲ.

ವಾರದ 45 ಗಂಟೆಯ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ಕಳೆಯಬಾರದು, ವಸತಿಯ ಖರ್ಚು ಕಂಪನಿಯದೇ, ಎಂದು 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮ ಹೇಳುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಡ್ರೈವರ್ ತನ್ನ ಮನೆಗೋ ಕಂಪನಿಯ ನೆಲೆಗೋ ಮರಳುವಂತೆ ಟ್ರಿಪ್ಪುಗಳನ್ನು ಜೋಡಿಸಬೇಕು. ಮನೆ ಹಾವೇರಿಯಲ್ಲಿದ್ದರೆ ಮರಳುವುದು ಎಲ್ಲಿಗೆ? ಕಂಪನಿಯ ಪಾರ್ಕಿಂಗಿಗೆ. ಶನಿವಾರ, ಭಾನುವಾರ ಹೆದ್ದಾರಿ ಬದಿಯ ಅಂಗಳಗಳಲ್ಲಿ ಸಾಲಾಗಿ ನಿಂತ ಟ್ರೈಲರ್‌ಗಳು, ಅವುಗಳ ನೆರಳಿನಲ್ಲಿ ಪುಟ್ಟ ಗ್ಯಾಸ್ ಒಲೆಯ ಮೇಲೆ ಬೇಯುವ ಸಾರು ಈ ನಿಯಮ ಎಷ್ಟು ಪಾಲನೆಯಾಗುತ್ತದೆ ಎಂದು ತೋರಿಸುತ್ತವೆ. ಯುರೋಪಿನಲ್ಲಿ ಲಾರಿ ನಿಲ್ಲಿಸುವ ಸುರಕ್ಷಿತ ಜಾಗಗಳೇ ಸಾಲದು. ಒಕ್ಕೂಟವೇ ಮಾಡಿಸಿದ ಅಧ್ಯಯನದಲ್ಲಿ ಕಂಡ ಕೊರತೆ ಸುಮಾರು ಒಂದು ಲಕ್ಷ ಜಾಗ.

ಸಂಬಳದ ಚೀಟಿ ಓದುವುದನ್ನೂ ಕಲಿಯಬೇಕು. ಲಿಥುವೇನಿಯಾವನ್ನೇ ತೆಗೆದುಕೊಂಡರೆ, 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 1,038 ಯೂರೋ. ಅಂತರರಾಷ್ಟ್ರೀಯ ಲೈನಿನ ಡ್ರೈವರ್‌ಗೆ ಇದರ 1.65 ಪಟ್ಟು ಮೂಲ ವೇತನವೆಂಬ ಲೆಕ್ಕವಿದೆ. ಅದರ ಮೇಲೆ, ದೇಶದ ಹೊರಗೆ ಕಳೆದ ಪ್ರತಿ ದಿನಕ್ಕೂ ಭತ್ಯೆ. ನಮ್ಮ ಡ್ರೈವರ್‌ಗಳ ಭಾಷೆಯಲ್ಲಿ ಹೇಳುವುದಾದರೆ ಬತ್ತಾ. ಜಾಹೀರಾತಿನಲ್ಲಿ ಕಾಣುವ ದೊಡ್ಡ ಮೊತ್ತ ಇವೆರಡೂ ಸೇರಿದ್ದು. ಗಾಡಿ ಓಡಿದರಷ್ಟೇ ಬತ್ತಾ. ಬೆನ್ನು ಹಿಡಿದು ಮಲಗಿದರೆ, ರಜೆಗೆ ಊರಿಗೆ ಬಂದರೆ, ಲೋಡಿಲ್ಲದೆ ನೆಲೆಯಲ್ಲಿ ಕೂತರೆ ಬತ್ತಾ ನಿಲ್ಲುತ್ತದೆ. ಕಾಯಿಲೆಯ ಭತ್ಯೆ, ಪಿಂಚಣಿಯ ಲೆಕ್ಕ ನಿಲ್ಲುವುದು ಮೂಲ ವೇತನದ ಮೇಲೆ. ಜೊತೆಗೆ ಕರಾರಿನಲ್ಲಿ ಇನ್ನೊಂದು ಸಾಲು ಅಡಗಿರುವುದುಂಟು: ಕೋಡ್ 95 ತರಬೇತಿಯ ಖರ್ಚನ್ನು ಕಂಪನಿ ಈಗ ಕೊಡುತ್ತದೆ, ಇಂತಿಷ್ಟು ಕಾಲದೊಳಗೆ ಕೆಲಸ ಬಿಟ್ಟರೆ ಡ್ರೈವರ್ ತಿರುಗಿಸಿ ಕೊಡಬೇಕು. ಇದು ತಾನಾಗಿ ಮೋಸವಲ್ಲ. ಎಷ್ಟು ಹಣ, ಎಷ್ಟು ತಿಂಗಳು, ದುಡಿದ ತಿಂಗಳುಗಳಿಗೆ ತಕ್ಕಂತೆ ಬಾಕಿ ಇಳಿಯುತ್ತದೆಯೇ ಎಂಬುದನ್ನು ಸಹಿಗೆ ಮೊದಲು ನೋಡದವನು ಮಾತ್ರ ಸಿಕ್ಕಿಬೀಳುತ್ತಾನೆ.

ಗಾಡಿಯ ವಿಷಯಕ್ಕೆ ಹೆದರಬೇಕಾಗಿಲ್ಲ. ವೋಲ್ವೊ ಕಂಪನಿ 1998ರಿಂದಲೇ ನಮ್ಮ ಹೊಸಕೋಟೆಯಲ್ಲಿ ಟ್ರಕ್ಕು ಕಟ್ಟುತ್ತಿದೆ. ಗಣಿಗಳಲ್ಲಿ ಅವನ್ನು ಓಡಿಸಿದವರಿಗೆ ಆಟೊಮ್ಯಾಟಿಕ್ ಗೇರು ಹೊಸದಲ್ಲ. ಎಡಗಡೆಯ ಸ್ಟಿಯರಿಂಗು, ಬಲಗಡೆಯ ಓಡಾಟ ಕೆಲವು ವಾರದಲ್ಲಿ ಕೈಗೆ ಹತ್ತುತ್ತದೆ. ಹಿಮ ಹಾಗಲ್ಲ, ಮೊದಲ ಚಳಿಗಾಲ ಎಲ್ಲರನ್ನೂ ಹೆದರಿಸುತ್ತದೆ.

ಜನ ಹೆಚ್ಚು ಕೇಳುವ ಎರಡು ದೇಶಗಳ ಬಾಗಿಲು ಈಗ ಮುಚ್ಚಿದೆ. ಬ್ರಿಟನ್ನಿನಲ್ಲಿ 2021ರಲ್ಲಿ ಡ್ರೈವರ್‌ಗಳಿಲ್ಲದೆ ಪೆಟ್ರೋಲ್ ಬಂಕುಗಳೇ ಬರಿದಾದಾಗ ಸರ್ಕಾರ 5,000 ತಾತ್ಕಾಲಿಕ ವೀಸಾ ಘೋಷಿಸಿತು. ಕೆಲವೇ ತಿಂಗಳಿನ ಆ ವೀಸಾಕ್ಕೆ ಬಂದ ಅರ್ಜಿಗಳು ಬಹಳ ಕಡಿಮೆ, ಯೋಜನೆ ಅಲ್ಲಿಗೇ ಮುಗಿಯಿತು. ಅಲ್ಲಿನ 'ಸ್ಕಿಲ್ಡ್ ವರ್ಕರ್' ವೀಸಾಕ್ಕೆ ಲಾರಿ ಡ್ರೈವರ್ ಕೆಲಸ ಅರ್ಹವೇ ಅಲ್ಲ. ಹಾಗಾಗಿ 'ಲಂಡನ್‌ನಲ್ಲಿ ಲಾರಿ ಕೆಲಸ, ಸ್ಪಾನ್ಸರ್ ಸಿದ್ಧ' ಎಂಬ ಜಾಹೀರಾತನ್ನು ಪೂರ್ತಿ ಓದುವ ಅಗತ್ಯವೂ ಇಲ್ಲ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಲಾರಿ ಡ್ರೈವರ್‌ಗಳಿಗೆ ಇಂಗ್ಲಿಷ್ ಬರಲೇಬೇಕೆಂಬ ನಿಯಮವನ್ನು ಬಿಗಿಗೊಳಿಸಿದರು. ಆಗಸ್ಟ್‌ನಲ್ಲಿ ಫ್ಲಾರಿಡಾದ ಹೆದ್ದಾರಿಯಲ್ಲಿ ಭಾರತ ಮೂಲದ ಡ್ರೈವರ್ ಒಬ್ಬ ಅಡ್ಡಾದಿಡ್ಡಿ ಯು ಟರ್ನ್ ತೆಗೆದು ಮೂವರು ಸತ್ತ ಮೇಲೆ, ಲಾರಿ ಡ್ರೈವರ್‌ಗಳಿಗೆ ಕೆಲಸದ ವೀಸಾ ಕೊಡುವುದನ್ನೇ ನಿಲ್ಲಿಸಿರುವುದಾಗಿ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಪ್ರಕಟಿಸಿದರು.

ಕೆನಡಾದ ಕಥೆ ಬೇರೆ. ಬ್ರ್ಯಾಂಪ್ಟನ್, ಸರ್ರೆಯಂಥ ಊರುಗಳಲ್ಲಿ ಲಾರಿ ಉದ್ಯಮ ಎಂದರೆ ಪಂಜಾಬಿಗಳು. ಬಂಧುಬಳಗದ ಕಂಪನಿಯಲ್ಲಿ ಕೆಲಸ, ಅದೇ ಭಾಷೆ, ಅದೇ ರೊಟ್ಟಿ. ಆದರೆ 2018ರ ಏಪ್ರಿಲ್ 6ರ ಸಂಜೆ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ನಡೆದದ್ದು ಅಲ್ಲಿನ ಡ್ರೈವರ್ ತರಬೇತಿಯನ್ನೇ ಬದಲಿಸಿತು. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದ ಭಾರತ ಮೂಲದ ಯುವ ಡ್ರೈವರ್ ಎರಡು ಟ್ರೈಲರ್‌ಗಳ ಗಾಡಿಯನ್ನು ಒಬ್ಬನೇ ಓಡಿಸುತ್ತಿದ್ದ. ಹಿಂದಿನ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಅವನ ಕಣ್ಣು ಕನ್ನಡಿಯಲ್ಲಿ ಅದರ ಮೇಲೆಯೇ ಇತ್ತು. ಕೂಡುರಸ್ತೆಯಲ್ಲಿ ಕೆಂಪು ದೀಪ ಮಿನುಗುತ್ತಿದ್ದ ನಿಲ್ಲುವ ಫಲಕ ಕಾಣಲಿಲ್ಲ. ಹಂಬೋಲ್ಟ್ ಊರಿನ ಹಾಕಿ ತಂಡದ ಬಸ್ಸು ಅದೇ ಕ್ಷಣ ಎದುರಾಯಿತು. ಹದಿನಾರು ಮಂದಿ ಸತ್ತರು, 13 ಮಂದಿ ಗಾಯಗೊಂಡರು. ತಪ್ಪೊಪ್ಪಿಕೊಂಡ ಡ್ರೈವರ್‌ಗೆ 8 ವರ್ಷ ಜೈಲು, ಆಮೇಲೆ ಗಡೀಪಾರಿನ ಆದೇಶ. ಸರಿಯಾಗಿ ಕಲಿಸದೆ ರಸ್ತೆಗೆ ಬಿಟ್ಟ ಕಂಪನಿಯ ಮಾಲೀಕನಿಗೆ ಆದದ್ದು 5,000 ಡಾಲರ್ ದಂಡ.

ಆ ಅಪಘಾತದ ತನಕ ಒಂಟಾರಿಯೊ ಬಿಟ್ಟರೆ ಬೇರೆ ಪ್ರಾಂತ್ಯಗಳಲ್ಲಿ ಲಾರಿ ಲೈಸೆನ್ಸಿಗೆ ಕಡ್ಡಾಯ ತರಬೇತಿಯೇ ಇರಲಿಲ್ಲ. 2019ರಿಂದ ಸಸ್ಕಾಚೆವಾನ್ 121.5 ಗಂಟೆಯ ತರಬೇತಿ ಕಡ್ಡಾಯ ಮಾಡಿತು. ಪಕ್ಕದ ಪ್ರಾಂತ್ಯಗಳೂ ಅದೇ ದಾರಿ ಹಿಡಿದವು. ಕೆನಡಾಕ್ಕೆ ಹೋಗುವವರು ಎರಡು ವ್ಯವಹಾರಗಳ ಹೆಸರು ತಿಳಿದಿರಬೇಕು. ಒಂದು ಎಲ್‌ಎಂಐಎ. ಹೊರಗಿನವರನ್ನು ನೇಮಿಸಿಕೊಳ್ಳಲು ಕಂಪನಿ ಸರ್ಕಾರದಿಂದ ಪಡೆಯುವ ಅನುಮತಿ ಅದು. ಶುಲ್ಕ 1,000 ಡಾಲರ್, ಕಟ್ಟಬೇಕಾದದ್ದು ಕಂಪನಿ, ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಇದನ್ನೇ ಹತ್ತಾರು ಪಟ್ಟು ಬೆಲೆಗೆ ಮಾರುವ ಕಳ್ಳಸಂತೆ ಅಲ್ಲಿನ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುತ್ತದೆ. ಇನ್ನೊಂದು 'ಡ್ರೈವರ್ ಇಂಕ್'. 'ನೀನು ನೌಕರನಲ್ಲ, ನಿನ್ನದೇ ಒಂದು ಕಂಪನಿ ಮಾಡಿಕೋ, ನಿನ್ನ ಕಂಪನಿಗೆ ದುಡ್ಡು ಹಾಕುತ್ತೇವೆ' ಎನ್ನುವ ಏರ್ಪಾಡು. ತೆರಿಗೆ ಕಡಿತವಿಲ್ಲದೆ ಕೈಗೆ ಹೆಚ್ಚು ಹಣ ಬಂದಂತೆ ಕಾಣುತ್ತದೆ. ರಜೆ, ಓವರ್‌ಟೈಮು, ಗಾಯವಾದರೆ ಪರಿಹಾರ ಒಂದೂ ಇರುವುದಿಲ್ಲ, ತೆರಿಗೆ ಇಲಾಖೆಯ ನೋಟೀಸು ಬಂದಾಗ ಮಾತ್ರ ಅದು ಡ್ರೈವರ್‌ನ ಹೆಸರಿಗೆ ಬರುತ್ತದೆ.

ಕರ್ನಾಟಕದವರಿಗೆ ಹೊರದೇಶದ ಸ್ಟಿಯರಿಂಗ್ ಎಂದರೆ ಇವತ್ತಿಗೂ ಮುಖ್ಯವಾಗಿ ಗಲ್ಫ್. ಮಂಗಳೂರು, ಉಡುಪಿ, ಭಟ್ಕಳದ ಕಡೆ ಯಾರಾದರೂ ಒಬ್ಬ ನೆಂಟ ಅಲ್ಲಿ ಇಲ್ಲದ ಮನೆ ಹುಡುಕುವುದು ಕಷ್ಟ. ದಮ್ಮಾಮ್, ಜುಬೈಲ್‌ನಿಂದ ರಿಯಾದ್‌ಗೆ ಟ್ರೈಲರ್. ಸೌದಿ ಮತ್ತು ಎಮಿರೇಟ್ಸ್ ನಡುವಿನ ಬತ್ಹಾ ಗಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಲು. 2021ರ ಡಿಸೆಂಬರ್‌ನಲ್ಲಿ ತೆರೆದ, ರುಬ್ ಅಲ್ ಖಾಲಿ ಮರಳುಗಾಡನ್ನು ಸೀಳಿ ಒಮಾನಿಗೆ ಹೋಗುವ ಒಂಟಿ ಹೆದ್ದಾರಿ. ಕೆಲಸ ಅಲ್ಲಿ ಧಾರಾಳ. ಭಾಷೆಯ ಪರೀಕ್ಷೆಯಿಲ್ಲ, ಹಿಂದಿ ಬಂದರೆ ಸಾಕು. ಲೈಸೆನ್ಸ್ ಮಾತ್ರ ಅಲ್ಲಿಯದೇ ಮಾಡಿಸಬೇಕು. ಮರುಕಲಿಕೆಯ ಖರ್ಚಿನ ಪ್ರಶ್ನೆ ಇಲ್ಲೂ ಏಳುತ್ತದೆ: ಪರೀಕ್ಷೆ ಪಾಸಾಗುವ ತನಕ ಸಂಬಳ ಕೊಡುತ್ತಾರೋ, ಊಟದ ದುಡ್ಡು ಮಾತ್ರವೋ, ಅಥವಾ ಆ ದಿನಗಳ ಖರ್ಚನ್ನು ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೋ?

ಗಲ್ಫ್‌ಗೆ ಹೊರಡುವ ಡ್ರೈವರ್ ವೀಸಾದಲ್ಲಿ ಬರೆದಿರುವ ಹುದ್ದೆಯನ್ನು ಅರಬ್ಬಿ ಓದಬಲ್ಲವರಿಂದ ಓದಿಸಿಕೊಳ್ಳುವುದು ಅಗತ್ಯ. 'ಸಾಯಿಕ್ ಖಾಸ್' ಎಂದಿದ್ದರೆ ಅದು ಮನೆ ಡ್ರೈವರ್‌ನ ವೀಸಾ. ಟ್ರೈಲರ್ ಓಡಿಸುವ ಕನಸಿನಲ್ಲಿ ವಿಮಾನ ಇಳಿದವನು ಮಕ್ಕಳನ್ನು ಶಾಲೆಗೆ ಬಿಡುತ್ತಾ, ಸಂತೆ ಸಾಮಾನು ಹೊರುತ್ತಾ ಇರಬೇಕಾಗುತ್ತದೆ. ಮನೆಗೆಲಸದವರಿಗೆ ಸೌದಿಯ ಸಾಮಾನ್ಯ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ, ಅವರದು ಬೇರೆಯೇ ನಿಯಮ. 'ಫ್ರೀ ವೀಸಾ', 'ಆಜಾದ್ ವೀಸಾ' ಎಂಬ ಮಾತು ಕೇಳಿದರೂ ಕಿವಿ ನಿಮಿರಬೇಕು. ಹೆಸರಿಗೊಬ್ಬ ಸ್ಪಾನ್ಸರ್, ಕೆಲಸ ಎಲ್ಲಿ ಬೇಕಾದರೂ ಮಾಡಿಕೋ ಎನ್ನುವ ಈ ವ್ಯವಸ್ಥೆ ಅಲ್ಲಿನ ಕಾನೂನಿನಲ್ಲಿ ಇಲ್ಲವೇ ಇಲ್ಲ. ಸಿಕ್ಕಿಬಿದ್ದರೆ ಜೈಲು, ವಾಪಸಾತಿ.

ಮರುಭೂಮಿಯ ರಸ್ತೆಯಲ್ಲಿ ಅಪಘಾತವಾದರೆ ಇನ್ನೊಂದು ಭಯ. ಸೌದಿಯಲ್ಲಿ ಅಪಘಾತದ ಸಾವಿಗೆ 'ದಿಯಾ', ಅಂದರೆ ಸತ್ತವರ ಮನೆಯವರಿಗೆ ಕೊಡಬೇಕಾದ ರಕ್ತಪರಿಹಾರ, 3 ಲಕ್ಷ ರಿಯಾಲ್‌ವರೆಗೆ ಹೋಗುತ್ತದೆ. ಗಾಡಿಯ ವಿಮೆ ಚಾಲ್ತಿಯಲ್ಲಿದ್ದು, ಡ್ರೈವರ್‌ನ ಲೈಸೆನ್ಸ್ ಆ ಗಾಡಿಗೆ ಸರಿಹೊಂದಿದ್ದರೆ ವಿಮಾ ಕಂಪನಿ ಕಟ್ಟುತ್ತದೆ. ಇಲ್ಲವಾದರೆ ಹೊರೆ ಡ್ರೈವರ್‌ನ ಮೇಲೆ. ಕಟ್ಟಲಾಗದೆ ವರ್ಷಗಟ್ಟಲೆ ಸೆರೆಯಲ್ಲಿ ಉಳಿದ ಭಾರತೀಯ ಡ್ರೈವರ್‌ಗಳಿದ್ದಾರೆ. ಊರಲ್ಲಿ ಗಾಡಿ ಹತ್ತುವ ಮೊದಲು ನಿಂಬೆಹಣ್ಣು ಕಟ್ಟುವವನು ಅಲ್ಲಿ ಮೊದಲು ವಿಮೆಯ ದಿನಾಂಕ ನೋಡಿಕೊಳ್ಳಬೇಕು.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ 'ಇಸಿಆರ್' ದರ್ಜೆಯದು. ಅಂಥವರು ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' ಕಚೇರಿಯ ಅನುಮತಿ ಬೇಕು. ಲಾರಿ ಡ್ರೈವರ್‌ಗಳಲ್ಲಿ ಅನೇಕರು ಈ ಗುಂಪಿನವರೇ. ಇದನ್ನು ತೊಡಕೆಂದು ಭಾವಿಸಿ ತಪ್ಪಿಸಿಕೊಳ್ಳುವ ದಾರಿ ತೋರಿಸುವುದೇ ಕಳ್ಳ ಏಜೆಂಟರ ಕಸುಬು: ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಳ್ಳೋಣ. ಅನುಮತಿ ಪಡೆದು ಹೋದವನ ಕರಾರು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಟೂರಿಸ್ಟ್ ವೀಸಾದವನ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. 2023ರ ಕೊನೆಯ ವೇಳೆಗೆ ಇಂಥದೇ ಏಜೆಂಟರ ಮಾತಿನಿಂದ ಸೆಕ್ಯೂರಿಟಿ ಗಾರ್ಡ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಉಕ್ರೇನ್ ಗಡಿಯ ಯುದ್ಧಭೂಮಿ ತಲುಪಿದ್ದರು. ಅವರು ಮನೆಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೂ ಮಿತಿಯಿದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಯುರೋಪಿನ ಲಾರಿ ಕೆಲಸಕ್ಕೆ ಲಕ್ಷಗಟ್ಟಲೆ ಕೇಳುವವರನ್ನು ಈ ಅಂಕಿಯ ಪಕ್ಕ ನಿಲ್ಲಿಸಿ ನೋಡಬೇಕು. ಯಾವ ಏಜೆಂಟನ ಲೈಸೆನ್ಸ್ ಚಾಲ್ತಿಯಲ್ಲಿದೆ, ಯಾರದು ರದ್ದಾಗಿದೆ ಎಂಬ ಪಟ್ಟಿ ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್, ತೆಲಂಗಾಣದ ಟಾಮ್‌ಕಾಮ್‌ನಂತೆ ಕರ್ನಾಟಕದಲ್ಲೂ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಕೇರಳದ ಸಂಸ್ಥೆಗಳಿಗಿರುವ ಹೆಸರು ಇನ್ನೂ ಇದಕ್ಕೆ ಬಂದಿಲ್ಲ. ಹಳ್ಳಿಯ ಡ್ರೈವರ್‌ಗೆ ಏಜೆಂಟನ ನಂಬರು ಗೊತ್ತು, ಈ ಕೇಂದ್ರ ಇರುವುದೇ ಗೊತ್ತಿಲ್ಲ. ಹೊರದೇಶದಲ್ಲಿ ಸಂಕಷ್ಟಕ್ಕೆ ಸಿಕ್ಕವರ ಮನೆಯವರು ಇಲ್ಲಿಂದ ಕರೆ ಮಾಡಬಹುದಾದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800-11-3090.

ಈ ನಡುವೆ ಹೊಸದೊಂದು ಬಾಗಿಲು ತೆರೆದಿದೆ, ಅದರ ಕಡೆ ಕನ್ನಡಿಗರ ಗಮನ ಇನ್ನೂ ಹೆಚ್ಚು ಹರಿದಿಲ್ಲ. ಜಪಾನ್. 2024ರ ಏಪ್ರಿಲ್‌ನಿಂದ ಅಲ್ಲಿ ಲಾರಿ ಡ್ರೈವರ್‌ಗಳ ಓವರ್‌ಟೈಮನ್ನು ವರ್ಷಕ್ಕೆ 960 ಗಂಟೆಗೆ ಮಿತಿಗೊಳಿಸಿದರು. ಇರುವ ಡ್ರೈವರ್‌ಗಳೇ ಮುದುಕರು, ಅವರ ಗಂಟೆಗಳೂ ಕಡಿಮೆಯಾದರೆ ಸರಕು ಸಾಗಿಸುವವರಾರು? ಅದೇ ವರ್ಷ ಮಾರ್ಚ್‌ನಲ್ಲಿ ಸರ್ಕಾರ 'ನಿರ್ದಿಷ್ಟ ಕೌಶಲ್ಯದ ಕೆಲಸಗಾರ' ವೀಸಾಕ್ಕೆ ವಾಹನ ಸಾರಿಗೆಯನ್ನೂ ಸೇರಿಸಿ, ಐದು ವರ್ಷದಲ್ಲಿ 24,500 ಮಂದಿಯನ್ನು ಹೊರಗಿನಿಂದ ಕರೆಸಿಕೊಳ್ಳುವ ಮಿತಿ ಹಾಕಿಕೊಂಡಿತು. ಈ ವೀಸಾ ಪದ್ಧತಿಗೆ ಭಾರತದೊಂದಿಗೆ 2021ರಿಂದಲೇ ಒಪ್ಪಂದವಿದೆ. ಜಪಾನಿನಲ್ಲಿ ನಮ್ಮಂತೆಯೇ ಗಾಡಿ ರಸ್ತೆಯ ಎಡಬದಿಯಲ್ಲಿ ಓಡುತ್ತದೆ, ಸ್ಟಿಯರಿಂಗ್ ಬಲಕ್ಕಿರುತ್ತದೆ.

ತೊಡಕು ಭಾಷೆಯದು. ಲಾರಿ ಡ್ರೈವರ್‌ಗೆ ಜಪಾನಿ ಭಾಷೆಯ ಎನ್4 ಮಟ್ಟದ ಪರೀಕ್ಷೆ, ಜೊತೆಗೆ ಕೆಲಸದ ಕೌಶಲ್ಯದ ಪರೀಕ್ಷೆ ಪಾಸಾಗಿರಬೇಕು. ಅಲ್ಲಿಗೆ ಹೋದ ಮೇಲೆ ಭಾರತದ ಲೈಸೆನ್ಸನ್ನು ಜಪಾನಿನದಕ್ಕೆ ಬದಲಿಸಿಕೊಳ್ಳಲು ಆರು ತಿಂಗಳ ಪ್ರತ್ಯೇಕ ವೀಸಾ ಕೊಡುತ್ತಾರೆ. ಆ ಬದಲಾವಣೆಯನ್ನೂ 2025ರ ಅಕ್ಟೋಬರ್‌ನಿಂದ ಬಿಗಿ ಮಾಡಿದ್ದಾರೆ. ಸಂಚಾರ ನಿಯಮದ 10 ಪ್ರಶ್ನೆಗಳಿದ್ದ ಕಡೆ ಈಗ 50 ಪ್ರಶ್ನೆಗಳು. ಲೈಸೆನ್ಸ್ ಕೈಗೆ ಬರುವ ತನಕ ಆತ ಕಂಪನಿಯಲ್ಲಿ ಗಾಡಿ ತೊಳೆಯುವಂಥ ಕೆಲಸ ಮಾಡಬಹುದು, ಲಾರಿ ಓಡಿಸುವಂತಿಲ್ಲ. ಆ ಆರು ತಿಂಗಳ ಸಂಬಳವೆಷ್ಟು, ಪರೀಕ್ಷೆಯ ಶುಲ್ಕ ಯಾರದು, ಪಾಸಾಗದಿದ್ದರೆ ವಾಪಸ್ ಟಿಕೆಟ್ ತೆಗೆಸುವವರಾರು ಎಂಬ ಮೂರೂ ಕರಾರಿನಲ್ಲಿ ಬರೆದಿದೆಯೇ ಎಂದು ವಿಮಾನ ಹತ್ತುವ ಮೊದಲೇ ನೋಡಿಕೊಳ್ಳಬೇಕು.